ಮಂತ್ರಾಲಯಕ್ಕೆ ಬಂದವರು ಏನು ತಿನ್ನಬೇಕು, ಎಲ್ಲಿ ತಿನ್ನಬೇಕು?

ಮಂತ್ರಾಲಯ: ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ರಾಯರ ದರ್ಶನಕ್ಕೆ ಬರುವವರು ಊರಿಗೆ ಮರಳಿದ ಮೇಲೆ ಒಂದು ಮಾತು ಹೇಳುವುದುಂಟು: ‘ದರ್ಶನ ಚೆನ್ನಾಗಿ ಆಯಿತು, ಮಠದಲ್ಲಿ ಪ್ರಸಾದವೂ ಆಯಿತು. ಉಳಿದಂತೆ ಅಲ್ಲಿ ತಿನ್ನಲು ವಿಶೇಷವೇನೂ ಇಲ್ಲ.’ ಅವರ ತಪ್ಪಲ್ಲ. ರಾತ್ರಿ ಬಸ್ಸಿಗೆ ಬಂದು, ಲಾಡ್ಜಿನಲ್ಲಿ ಸ್ನಾನ ಮುಗಿಸಿ, ದರ್ಶನ ಮಾಡಿ, ನಮ್ಮೂರಿನಲ್ಲಿ ಸಿಗುವಂಥದ್ದೇ ಇಡ್ಲಿ-ದೋಸೆ ತಿಂದು, ಮಧ್ಯಾಹ್ನದ ಗಾಡಿ ಹತ್ತಿದರೆ ಇಲ್ಲಿನ ರುಚಿ ನಾಲಿಗೆಗೆ ತಗಲುವುದಾದರೂ ಹೇಗೆ?

ಆದರೆ ಗಡಿಯ ಊರುಗಳಲ್ಲಿರುವ ನಮಗೆ ಗೊತ್ತು. ತುಂಗಭದ್ರೆಯ ಈ ದಂಡೆಯಲ್ಲೂ ಆ ದಂಡೆಯಲ್ಲೂ ಬೆಳಗಿನ ಹೊತ್ತು ಒಂದೇ ಒಗ್ಗರಣೆಯ ಘಮ ಏಳುತ್ತದೆ. ನೆಂಟರು ಬಂದಾಗ ‘ಇಲ್ಲಿ ಏನು ಚೆನ್ನಾಗಿ ಸಿಗುತ್ತದೆ?’ ಎಂದು ಕೇಳುವುದು ನಮ್ಮನ್ನೇ. ಆ ಪ್ರಶ್ನೆಗೆ ಉತ್ತರವಾಗಿ ಮಂತ್ರಾಲಯ, ಎಮ್ಮಿಗನೂರು, ಕೋಸಿಗಿ, ಆದೋನಿ ಸುತ್ತಿನ ಊಟ-ತಿಂಡಿಗಳ ವಿವರ ಇಲ್ಲಿದೆ. ಹೊರಗಿನಿಂದ ಬರುವವರು ನೇರವಾಗಿ ಓದಿಕೊಳ್ಳಬಹುದು. ಇಲ್ಲಿಯವರು ತಮ್ಮ ನೆಂಟರಿಗೆ ಓದಿ ಹೇಳಬಹುದು.

ಮೊದಲ ಊಟ ಮಠದಲ್ಲಿ

ಮಂತ್ರಾಲಯದಲ್ಲಿ ಊಟದ ಮಾತು ಶುರುವಾಗಬೇಕಾದದ್ದು ಶ್ರೀ ರಾಘವೇಂದ್ರ ಸ್ವಾಮಿಗಳ ಮಠದಿಂದಲೇ. ರಾಯರು ಇಲ್ಲಿ ಬೃಂದಾವನಸ್ಥರಾದದ್ದು 1671ರಲ್ಲಿ. ಆಗ ಇದು ಮಂಚಾಲೆ ಎಂಬ ಸಣ್ಣ ಹಳ್ಳಿ. ಊರ ದೇವತೆ ಮಂಚಾಲಮ್ಮ. ಇಂದಿಗೂ ಭಕ್ತರು ಮೊದಲು ಮಂಚಾಲಮ್ಮನ ದರ್ಶನ ಮಾಡಿ, ಆಮೇಲೆ ರಾಯರ ಬೃಂದಾವನಕ್ಕೆ ಹೋಗುವುದು ಪದ್ಧತಿ.

ಮಠದ ಭೋಜನ ಶಾಲೆಯಲ್ಲಿ ಭಕ್ತರಿಗೆ ಉಚಿತವಾಗಿ ಊಟ ಬಡಿಸುತ್ತಾರೆ. ಅನ್ನ, ಸಾರು, ಹುಳಿ, ಪಲ್ಯ, ಮಜ್ಜಿಗೆ, ಜೊತೆಗೊಂದು ಸಿಹಿ - ಇದು ಮಾಧ್ವ ಮಠಗಳ ಊಟದ ಸಾಮಾನ್ಯ ಕ್ರಮ. ಈರುಳ್ಳಿ-ಬೆಳ್ಳುಳ್ಳಿಗೆ ಇಲ್ಲಿ ಪ್ರವೇಶವಿಲ್ಲ. ರುಚಿಯೆಲ್ಲ ಇಂಗು, ಹುಣಸೆ, ಬೆಲ್ಲ, ಕರಿಬೇವಿನದು. ಈ ಭಾಗದ ಖಾರಕ್ಕೆ ಹೆದರುವವರು ಧೈರ್ಯವಾಗಿ ಕೂರಬಹುದಾದ ಪಂಕ್ತಿ ಇದು.

ಎರಡು ಸಂಗತಿ ನೆನಪಿರಲಿ. ಒಂದು, ಏಕಾದಶಿ. ಅಂದು ಮಾಧ್ವ ಮಠಗಳಲ್ಲಿ ಉಪವಾಸ. ಹೊರಡುವ ಮೊದಲು ಪಂಚಾಂಗ ನೋಡಿಕೊಳ್ಳಿ. ಏಕಾದಶಿಯೇ ಆಗಿದ್ದರೆ ಮಠದ ಊಟವನ್ನು ನಂಬಿಕೊಂಡು ಬರಬೇಡಿ. ಎರಡು, ಜನಸಂದಣಿ. ಗುರುವಾರ ರಾಯರ ವಾರ. ಶ್ರಾವಣ ಬಹುಳ ಬಿದಿಗೆಯ ಆಸುಪಾಸಿನಲ್ಲಿ ನಡೆಯುವ ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆಯ ದಿನಗಳಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಆಗ ಊಟಕ್ಕೆ ಸರದಿ ಉದ್ದವಾಗುತ್ತದೆ. ನಿಧಾನವಾಗಿ ಕುಳಿತು ಉಣ್ಣಬೇಕೆಂದರೆ ಸೋಮವಾರದಿಂದ ಬುಧವಾರದೊಳಗೆ ಬರುವುದು ಒಳ್ಳೆಯದು.

ಕಟ್ಟಿಕೊಂಡು ಹೋಗಲು ಪರಿಮಳ ಪ್ರಸಾದ

ತಿರುಪತಿಗೆ ಲಡ್ಡು ಹೇಗೋ ಮಂತ್ರಾಲಯಕ್ಕೆ ಪರಿಮಳ ಪ್ರಸಾದ ಹಾಗೆ. ರವೆ, ಸಕ್ಕರೆ, ತುಪ್ಪ ಸೇರಿಸಿ ಮಾಡುವ ಈ ಸಿಹಿಯನ್ನು ಮಠದ ಕೌಂಟರಿನಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಬಾಯಿಗಿಟ್ಟರೆ ತುಪ್ಪ, ಏಲಕ್ಕಿಯ ಘಮ ಬರುವುದರಿಂದ ‘ಪರಿಮಳ’ ಎಂಬ ಹೆಸರು ಬಂತೆಂದು ಹಲವರು ತಿಳಿದಿದ್ದಾರೆ. ಹೆಸರಿನ ಮೂಲ ಬೇರೆ. ಜಯತೀರ್ಥರ ‘ನ್ಯಾಯಸುಧಾ’ ಗ್ರಂಥಕ್ಕೆ ರಾಘವೇಂದ್ರ ಸ್ವಾಮಿಗಳು ಬರೆದ ವ್ಯಾಖ್ಯಾನದ ಹೆಸರು ‘ಪರಿಮಳ’. ಅದರಿಂದಲೇ ಅವರಿಗೆ ಪರಿಮಳಾಚಾರ್ಯರೆಂಬ ಹೆಸರು ಬಂತು. ಗ್ರಂಥದ ಹೆಸರು ಪ್ರಸಾದಕ್ಕೂ ನಿಂತಿತು.

ಇದನ್ನು ಮಠದ ಕೌಂಟರಿನಲ್ಲೇ ಕೊಳ್ಳಿ. ಹೊರಗೆ ಅಂಗಡಿಗಳಲ್ಲಿ ಅದೇ ಬಣ್ಣದ, ಅದೇ ಆಕಾರದ ಸಿಹಿ ಸಿಗಬಹುದು. ಅದು ತಿಂಡಿ ಆದೀತೇ ಹೊರತು ಪ್ರಸಾದವಲ್ಲ.

ಉಗ್ಗಾನಿಯೋ ವಗ್ಗರಣಿಯೋ?

ಇನ್ನು ಮಠದಿಂದ ಹೊರಗೆ ಬರೋಣ. ಈ ಸೀಮೆಯ ನಿಜವಾದ ಗುರುತಿನ ತಿಂಡಿ ಯಾವುದು ಎಂದರೆ ಇಲ್ಲಿಯವರು ಎರಡು ಸಲ ಯೋಚಿಸುವುದಿಲ್ಲ. ತೆಲುಗಿನವರು ‘ಉಗ್ಗಾನಿ ಬಜ್ಜಿ’ ಎನ್ನುತ್ತಾರೆ. ನದಿ ದಾಟಿ ರಾಯಚೂರಿಗೆ ಹೋದರೆ ‘ವಗ್ಗರಣಿ ಮಿರ್ಚಿ’. ಬಳ್ಳಾರಿಯಲ್ಲಿ ‘ಮಂಡಾಳು ಒಗ್ಗರಣೆ’. ಇನ್ನೂ ಪಶ್ಚಿಮಕ್ಕೆ ಹೋದರೆ ಇದೇ ಸೂಸಲ. ‘ಒಗ್ಗರಣೆ’ ಮತ್ತು ‘ಉಗ್ಗಾನಿ’ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಹೇಳಿ ನೋಡಿ, ಅಕ್ಕ-ತಂಗಿಯರ ಹಾಗೆ ಕೇಳಿಸುತ್ತವೆ.

ಮಾಡುವ ಬಗೆ ಸುಲಭ, ಆದರೆ ಕೈ ಹದ ಬೇಕು. ಮಂಡಾಳನ್ನು (ಮಂಡಕ್ಕಿ, ಚುರಮುರಿ, ತೆಲುಗಿನ ಬೊರುಗುಲು ಎಲ್ಲ ಒಂದೇ) ನೀರಿನಲ್ಲಿ ಅದ್ದಿ, ತಕ್ಷಣ ಹಿಂಡಿ ತೆಗೆಯಬೇಕು. ತಡವಾದರೆ ಮುದ್ದೆ, ಬೇಗ ತೆಗೆದರೆ ಒಣಕಲು. ಬಾಣಲೆಯಲ್ಲಿ ಶೇಂಗಾ ಎಣ್ಣೆ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನ. ಅದಕ್ಕೆ ಹಿಂಡಿದ ಮಂಡಾಳು ಹಾಕಿ ಮಗುಚಿ, ನಿಂಬೆರಸವನ್ನೋ ಹುಣಸೆ ಹುಳಿಯನ್ನೋ ಬೆರೆಸುತ್ತಾರೆ. ಕೊನೆಗೆ ಬೀಳುವುದೇ ಮುಖ್ಯವಾದದ್ದು - ಪುಟಾಣಿ ಪುಡಿ. ಹುರಿಗಡಲೆಯನ್ನು ಕೊಬ್ಬರಿಯೊಂದಿಗೆ ಕುಟ್ಟಿದ ಈ ಪುಡಿ ಮಂಡಾಳಿನಲ್ಲಿ ಉಳಿದ ನೀರನ್ನು ಹೀರಿಕೊಂಡು ತಿಂಡಿಯನ್ನು ಉದುರುದುರಾಗಿಸುತ್ತದೆ. ಪುಟಾಣಿ ಪುಡಿ ಇಲ್ಲದ್ದು ಉಗ್ಗಾನಿಯೇ ಅಲ್ಲ ಎನ್ನುವವರೂ ಇದ್ದಾರೆ.

ಪಕ್ಕದಲ್ಲಿ ಬಜ್ಜಿ ಇರಲೇಬೇಕು. ಉದ್ದನೆಯ, ತಿಳಿ ಹಸಿರು ಮೆಣಸಿನಕಾಯಿ ಸೀಳಿ, ಒಳಗೆ ಓಂಕಾಳು, ಉಪ್ಪು, ಹುಣಸೆಯ ಮಸಾಲೆ ಸವರಿ, ಕಡಲೆ ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಓಂಕಾಳು ಜೀರ್ಣಕ್ಕೆ, ಹುಣಸೆ ಖಾರ ಇಳಿಸುವುದಕ್ಕೆ. ಉಗ್ಗಾನಿ ಮೆತ್ತಗೆ, ಬಜ್ಜಿ ಗರಿಗರಿ. ಒಂದು ತುತ್ತು ಅದು, ಒಂದು ಕಡಿತ ಇದು. ಖಾರ ತಡೆಯದ ಮಕ್ಕಳಿಗೆ ಮೆಣಸಿನಕಾಯಿ ತೆಗೆದು ಹಿಟ್ಟಿನ ಹೊದಿಕೆ ಮಾತ್ರ ಕೊಡುವುದು ಇಲ್ಲಿಯ ತಾಯಂದಿರ ಹಳೆಯ ಉಪಾಯ.

ಮಂಡಾಳೇ ಯಾಕೆ?

ಭತ್ತ ಅಷ್ಟಾಗಿ ಬೆಳೆಯದ ಒಣಭೂಮಿಯಲ್ಲಿ ಅಕ್ಕಿಯ ತಿಂಡಿ ಹೇಗೆ ಮನೆಮಾತಾಯಿತು ಎಂದು ಹೊರಗಿನವರು ಕೇಳುವುದುಂಟು. ಉತ್ತರ ಮಂಡಾಳಿನ ಗುಣದಲ್ಲೇ ಇದೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಚ್ಚಿ, ಕಾದ ಮರಳಿನಲ್ಲಿ ಹುರಿದಾಗ ಅದು ಅರಳುತ್ತದೆ. ಬೇಯಿಸುವ ಕೆಲಸ ಭಟ್ಟಿಯಲ್ಲೇ ಮುಗಿದುಹೋಗುತ್ತದೆ. ಕರ್ನಾಟಕದಲ್ಲಿ ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ಇದಕ್ಕೇ ಹೆಸರಾದವು. ಭಟ್ಟಿಯಿಂದ ಬಂದ ಮಂಡಾಳು ಹಗುರ, ಅಗ್ಗ. ಗಾಳಿಯಾಡದ ಹಾಗೆ ಕಟ್ಟಿಟ್ಟರೆ ಕೆಡುವುದಿಲ್ಲ. ಮನೆಯಲ್ಲಿ ಹತ್ತು ನಿಮಿಷದ ಉರಿ ಸಾಕು. ಹೊಲಕ್ಕೆ ಹೊರಡುವವರಿಗೆ, ಸೌದೆ ಉಳಿಸಬೇಕಾದವರಿಗೆ, ಒಂದು ಬಂಡಿ, ಒಂದು ಒಲೆ ಇಟ್ಟುಕೊಂಡು ವ್ಯಾಪಾರ ಮಾಡುವವರಿಗೆ ಇದಕ್ಕಿಂತ ಅನುಕೂಲದ ತಿಂಡಿ ಇನ್ನೊಂದಿಲ್ಲ.

ಎಲ್ಲಿ ತಿನ್ನಬೇಕು?

ಉಗ್ಗಾನಿಗೆ ಹೆಸರು ಬರೆದ ಬೋರ್ಡು ಹುಡುಕಬೇಡಿ. ಇದು ಬಂಡಿಯ ತಿಂಡಿ, ಬೆಳಗಿನ ತಿಂಡಿ. ಬೆಳಕು ಹರಿದ ಹೊತ್ತಿನಿಂದ ಸುಮಾರು ಹತ್ತು ಗಂಟೆಯವರೆಗೆ ಇದರ ಕಾಲ. ಆಮೇಲೆ ಸಂಜೆ ಬಜ್ಜಿಯ ಕಾಲ.

ಮಂತ್ರಾಲಯದಲ್ಲಿ ಬಸ್ ನಿಲ್ದಾಣದ ಸುತ್ತ ಮತ್ತು ಮಠಕ್ಕೆ ಹೋಗುವ ದಾರಿಯಲ್ಲಿ ಹುಡುಕಿ. ಯಾತ್ರಿಕರಿಗಾಗಿ ಇಲ್ಲಿ ಇಡ್ಲಿ, ಪೂರಿಯೇ ಮುಂದೆ ನಿಂತಿರುತ್ತವೆ. ‘ಉಗ್ಗಾನಿ ಉಂದಾ?’ ಎಂದೋ ‘ವಗ್ಗರಣಿ ಐತೇನ್ರಿ?’ ಎಂದೋ ಕೇಳಿ. ಯಾವ ಭಾಷೆಯಲ್ಲಿ ಕೇಳಿದರೂ ಬರುವುದು ಒಂದೇ ಪ್ಲೇಟು.

ರೈಲಿಗೆ ಬರುವವರು ಇಳಿಯುವುದು ಮಂತ್ರಾಲಯಂ ರೋಡ್ ನಿಲ್ದಾಣದಲ್ಲಿ. ಅದು ರಾಯಚೂರು-ಗುಂತಕಲ್ ಮಾರ್ಗದಲ್ಲಿದೆ. ಊರಿಗೂ ನಿಲ್ದಾಣಕ್ಕೂ ಸುಮಾರು 15 ಕಿ.ಮೀ. ಮುಂಜಾನೆಯ ರೈಲಿಗೆ ಇಳಿದವರು ಆಟೋ ಹತ್ತುವ ಅವಸರದಲ್ಲಿ ನಿಲ್ದಾಣದ ಹೊರಗಿನ ಟೀ ಅಂಗಡಿ, ತಿಂಡಿ ಬಂಡಿಗಳನ್ನು ನೋಡದೆಯೇ ಹೋಗುತ್ತಾರೆ. ದರ್ಶನದ ನಂತರವೇ ತಿನ್ನುವ ವ್ರತವಿದ್ದವರು ಮರಳುವಾಗ ತಿನ್ನಿ.

ಎಮ್ಮಿಗನೂರು ನೇಕಾರರ ಊರು. ಮಂತ್ರಾಲಯದಿಂದ ಕರ್ನೂಲಿನ ದಾರಿಯಲ್ಲಿದೆ. ಮಗ್ಗದ ಕೆಲಸ ಬೆಳಿಗ್ಗೆಯೇ ಶುರುವಾಗುವ ಊರುಗಳಲ್ಲಿ ತಿಂಡಿಯ ಬಂಡಿಗಳೂ ಬೇಗ ಏಳುತ್ತವೆ. ಕೋಸಿಗಿ ಆದೋನಿಯ ರೈಲು ದಾರಿಯಲ್ಲಿ ಸಿಗುವ ದೊಡ್ಡ ಊರು. ಶ್ರಾವಣದಲ್ಲಿ ಕೌತಾಳಂ ಬಳಿಯ ಉರುಕುಂದ ಈರಣ್ಣ ಸ್ವಾಮಿಗೆ ಕರ್ನಾಟಕದಿಂದ ಸಾವಿರಾರು ಜನ ಬರುತ್ತಾರೆ. ಆ ತಿಂಗಳು ಈ ದಾರಿಗಳಲ್ಲೆಲ್ಲ ಬಂಡಿಗಳು ಹೆಚ್ಚು.

ಬಂಡಿ ಆರಿಸುವ ಗುಟ್ಟು ಮೂರೇ. ಹಮಾಲರು, ಆಟೋದವರು, ಬಸ್ ಕಂಡಕ್ಟರುಗಳು ನಿಂತ ಕಡೆ ನಿಲ್ಲಿ, ಅವರು ದಿನಾ ತಿನ್ನುವವರು. ಬಜ್ಜಿ ಕಣ್ಣೆದುರೇ ಎಣ್ಣೆಯಿಂದ ಏಳುತ್ತಿರಬೇಕು, ರಾಶಿ ಹಾಕಿಟ್ಟದ್ದು ಬೇಡ. ಎಣ್ಣೆ ಕಪ್ಪಾಗಿದ್ದರೆ ಮುಂದಿನ ಬಂಡಿಗೆ ನಡೆಯಿರಿ.

ಜೋಳದ ರೊಟ್ಟಿ: ಹುಡುಕಿ ತಿನ್ನಬೇಕಾದದ್ದು

ಉಗ್ಗಾನಿ ಬೀದಿಯಲ್ಲಿ ಸಿಗುತ್ತದೆ. ಆದರೆ ಈ ಕಪ್ಪು ಮಣ್ಣಿನ ನಿಜವಾದ ಊಟ ಜೋಳದ ರೊಟ್ಟಿ, ತೆಲುಗಿನ ಜೊನ್ನ ರೊಟ್ಟೆ. ಅದನ್ನು ಈಗ ಹುಡುಕಬೇಕು.

ಒಂದು ಕಾಲಕ್ಕೆ ಇಲ್ಲಿ ಅನ್ನ ಹಬ್ಬದ ಊಟ, ರೊಟ್ಟಿ ದಿನದ ಊಟ. ಆಂಧ್ರದಲ್ಲಿ 1983ರಲ್ಲಿ ಎನ್.ಟಿ.ರಾಮರಾವ್ ಸರ್ಕಾರ ಕಿಲೋಗೆ 2 ರೂಪಾಯಿ ಅಕ್ಕಿ ಕೊಡಲು ಶುರುಮಾಡಿದ ಮೇಲೆ ಬಡವರ ಮನೆಯಲ್ಲೂ ದಿನಾ ಅನ್ನ ಬೆಂದಿತು. ಹಸಿವು ನೀಗಿತು ಎಂಬುದು ಸಣ್ಣ ಮಾತಲ್ಲ. ಆದರೆ ತಟ್ಟೆ ಬದಲಾದಂತೆ ಹೊಲವೂ ಬದಲಾಯಿತು. ಜೋಳದ ಜಾಗಕ್ಕೆ ಹತ್ತಿ ಬಂತು. ರೊಟ್ಟಿ ಬಡಿಯುವ ಕೈಗಳು ಕಡಿಮೆಯಾದವು. ಈಗ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ವೈದ್ಯರು ಹೇಳುವಾಗ, ಅಜ್ಜಿ ದಿನಾ ಬಡಿಯುತ್ತಿದ್ದ ರೊಟ್ಟಿಯನ್ನೇ ಹೋಟೆಲಿನಲ್ಲಿ ದುಡ್ಡು ಕೊಟ್ಟು ತಿನ್ನುವ ಕಾಲ ಬಂದಿದೆ.

ರೊಟ್ಟಿ ಸಿಗುವ ಜಾಗಗಳೆಂದರೆ ಆದೋನಿ, ಎಮ್ಮಿಗನೂರಿನ ಸಣ್ಣ ಮೆಸ್ಸುಗಳು ಮತ್ತು ನದಿಯಾಚೆ ರಾಯಚೂರಿನ ಖಾನಾವಳಿಗಳು. ಸಂಜೆ ಹೊತ್ತು ಕೆಲವು ಬೀದಿಗಳಲ್ಲಿ ಹೆಣ್ಣುಮಕ್ಕಳು ಒಲೆ ಹೂಡಿ, ಕೇಳಿದಷ್ಟು ರೊಟ್ಟಿ ಬಡಿದು ಕೊಡುತ್ತಾರೆ. ಬಿಸಿ ರೊಟ್ಟಿಗೆ ಪುಂಡಿಪಲ್ಲೆ (ತೆಲುಗಿನ ಗೋಂಗೂರ), ಎಣ್ಣೆಗಾಯಿ (ಗುತ್ತಿವಂಕಾಯ), ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಒಂದು ಹಸಿ ಈರುಳ್ಳಿ. ಗುರೆಳ್ಳಿನ ಮೇಲೆ ಒಂದು ಚಮಚ ಎಣ್ಣೆಯನ್ನೋ ಮೊಸರನ್ನೋ ಹಾಕಿಸಿಕೊಳ್ಳಿ. ಪುಂಡಿಪಲ್ಲೆ ಹುಳಿ, ಎಣ್ಣೆಗಾಯಿ ಖಾರ, ಶೇಂಗಾ ಸಪ್ಪೆ-ಸಿಹಿ. ಮೂರನ್ನೂ ಒಟ್ಟಿಗೆ ಕಟ್ಟಿ ಹಿಡಿಯುವುದು ರೊಟ್ಟಿ.

ಊರಿಗೆ ಒಯ್ಯುವುದಾದರೆ ಖಡಕ್ ರೊಟ್ಟಿ ಕೊಳ್ಳಿ. ತೇವ ತಗಲದಿದ್ದರೆ ವಾರಗಟ್ಟಲೆ ಇರುತ್ತದೆ. ಪರಿಮಳ ಪ್ರಸಾದದ ಪಕ್ಕ ಚೀಲದಲ್ಲಿ ಇದಕ್ಕೂ ಜಾಗವಿರಲಿ.

ಆದೋನಿಗೆ ಅರ್ಧ ದಿನ

ಮಂತ್ರಾಲಯದಿಂದ ಸುಮಾರು 50 ಕಿ.ಮೀ. ದೂರದ ಆದೋನಿಯನ್ನು ಯಾತ್ರಿಕರು ರೈಲಿನ ಕಿಟಕಿಯಿಂದ ಮಾತ್ರ ನೋಡುತ್ತಾರೆ. ಅದು ನಷ್ಟ. ಹತ್ತಿ ವ್ಯಾಪಾರದಿಂದ ‘ಎರಡನೇ ಬೊಂಬಾಯಿ’ ಎನಿಸಿಕೊಂಡ ಊರು ಇದು. ಕೋಟೆ, ಜಾಮಿಯಾ ಮಸೀದಿ, ಹತ್ತಿ ಮಾರುಕಟ್ಟೆ, ಎಣ್ಣೆ ಗಿರಣಿಗಳು ಎಲ್ಲ ಇವೆ.

ಮಂತ್ರಾಲಯಕ್ಕೂ ಆದೋನಿಗೂ ನಂಟು ಬೆಳೆದದ್ದೇ ಒಂದು ತಟ್ಟೆಯಿಂದ ಎಂದು ಐತಿಹ್ಯ ಹೇಳುತ್ತದೆ. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಆದೋನಿಯ ಅಧಿಪತಿಯಾಗಿದ್ದವನು ಸಿದ್ದಿ ಮಸೂದ್ ಖಾನ್. ರಾಯರನ್ನು ಪರೀಕ್ಷಿಸಲು ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಮಾಂಸ ಕಳಿಸಿದನಂತೆ. ರಾಯರು ತೀರ್ಥ ಪ್ರೋಕ್ಷಿಸಿ ಬಟ್ಟೆ ಸರಿಸಿದಾಗ ಅದು ಹೂ-ಹಣ್ಣಾಗಿತ್ತಂತೆ. ನವಾಬ ತಲೆಬಾಗಿ ಏನು ಬೇಕೆಂದು ಕೇಳಿದಾಗ ರಾಯರು ಕೇಳಿದ್ದು ಒಣ ಹಳ್ಳಿಯಾಗಿದ್ದ ಮಂಚಾಲೆಯನ್ನು. ಆದೋನಿಯ ಜಾಮಿಯಾ ಮಸೀದಿ ಕಟ್ಟಿಸಿದವನೂ ಇದೇ ಮಸೂದ್ ಖಾನ್. ಒಬ್ಬನೇ ಅಧಿಪತಿಯ ಹೆಸರು ಮಸೀದಿಯ ಕಥೆಯಲ್ಲೂ ಮಠದ ಕಥೆಯಲ್ಲೂ ಬರುವುದು ಈ ಸೀಮೆಯ ವಿಶೇಷ.

ಆ ಇತಿಹಾಸ ಆದೋನಿಯ ಅಡುಗೆಯಲ್ಲೂ ಇದೆ. ಬೆಳಿಗ್ಗೆ ಉಗ್ಗಾನಿ ತಿಂದ ಊರೇ ಮಧ್ಯಾಹ್ನ ಬಿರಿಯಾನಿ ತಿನ್ನುತ್ತದೆ. ಮಾಂಸಾಹಾರಿಗಳು ಹಳೇ ಪೇಟೆಯ ಕಡೆ ವಿಚಾರಿಸಬಹುದು. ಮಂತ್ರಾಲಯದಲ್ಲಿ ಮಠದ ಸುತ್ತ ಶಾಕಾಹಾರವೇ ಪದ್ಧತಿ. ಆದ್ದರಿಂದ ಮೊದಲು ದರ್ಶನ, ಪ್ರಸಾದ ಮುಗಿಸಿ, ಬಿರಿಯಾನಿಯನ್ನು ಮರಳುವ ದಾರಿಗೆ ಇಟ್ಟುಕೊಳ್ಳುವುದು ಯಾತ್ರಿಕರ ಲೆಕ್ಕ. ಶಾಕಾಹಾರಿಗಳಿಗೆ ಹತ್ತಿ ಮಾರುಕಟ್ಟೆಯ ಸುತ್ತಿನ ಬಂಡಿಗಳು, ಗುಂತಪೊಂಗಣಾಲು (ನಮ್ಮ ಪಡ್ಡು), ಕೆಂಪು ಖಾರ ಸವರಿದ ದೋಸೆ ಇವೆ. ಕೆಂಪು ಖಾರವೆಂದರೆ ಒಣಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ ಅರೆದದ್ದು. ಬೆಂಗಳೂರಿನ ಮಸಾಲೆ ದೋಸೆಯ ಕೆಂಪು ಚಟ್ನಿ ಎಂದುಕೊಂಡು ಕೈಹಾಕಬೇಡಿ. ‘ಕಾರಂ ತಕ್ಕುವ’ ಎಂದು ಮೊದಲೇ ಹೇಳಿಬಿಡಿ.

ಗೆರೆ ಬಿದ್ದದ್ದು ನಕ್ಷೆಯಲ್ಲಿ

ಊಟದ ಹೆಸರುಗಳಲ್ಲಿ ಕನ್ನಡ-ತೆಲುಗು ಹೀಗೆ ಹೆಣೆದುಕೊಂಡದ್ದಕ್ಕೆ ಕಾರಣವಿದೆ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಮಂತ್ರಾಲಯ ಆಗ ಆದೋನಿ ತಾಲ್ಲೂಕಿನ ಊರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಮೂರು ತಾಲ್ಲೂಕು ಆ ಕಡೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. 2022ರಲ್ಲಿ ಕರ್ನೂಲು ಜಿಲ್ಲೆ ಒಡೆದು ನಂದ್ಯಾಲ ಬೇರೆಯಾದಾಗಲೂ ಮಂತ್ರಾಲಯ, ಆದೋನಿ ಕರ್ನೂಲಿನಲ್ಲೇ ಉಳಿದವು. ಕಚೇರಿ ಬದಲಾಯಿತು, ಶಾಲೆಯ ಪಠ್ಯ ಬದಲಾಯಿತು, ಬಸ್ಸಿನ ಬಣ್ಣ ಬದಲಾಯಿತು. ಪುಟಾಣಿ ಪುಡಿ ಬದಲಾಗಲಿಲ್ಲ.

ಬದಲಾಗದ ಇನ್ನೊಂದು ಸಂಗತಿ ಬರ. ಕೋಸಿಗಿ, ಕೌತಾಳಂ, ಮಂತ್ರಾಲಯ ಮಂಡಲಗಳ ಹಳ್ಳಿಗಳಿಂದ ಪ್ರತಿ ವರ್ಷ ಸಂಸಾರ ಸಮೇತ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರಿದ್ದಾರೆ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೇ ಮುಳುಗಿದಾಗ ಮಠಕ್ಕೂ ನೀರು ನುಗ್ಗಿತ್ತು, ದಂಡೆಯ ಅಂಗಡಿ, ಬಂಡಿಗಳೂ ನೀರುಪಾಲಾದವು. ಇಂಥ ಊರಿನಲ್ಲಿ ಒಂದು ಉಗ್ಗಾನಿ ಬಂಡಿ ಎಂದರೆ ಒಂದು ಮನೆ ಊರಲ್ಲೇ ಉಳಿಯುವ ದಾರಿ, ಆ ಮನೆಯ ಮಕ್ಕಳು ಶಾಲೆ ಬಿಡದಿರುವ ದಾರಿ. ಯಾತ್ರಿಕರು ಕೊಡುವ ದುಡ್ಡು ಲಾಡ್ಜು, ದೊಡ್ಡ ಹೋಟೆಲುಗಳಿಗಷ್ಟೇ ಹೋದರೆ ಹಳ್ಳಿಗೆ ಉಳಿಯುವುದು ಕಡಿಮೆ. ಬಂಡಿಯಲ್ಲಿ ತಿಂದರೆ, ರೊಟ್ಟಿ ಬಡಿಯುವವರ ಹತ್ತಿರ ಕೊಂಡರೆ, ಅದು ನೇರವಾಗಿ ಒಲೆ ಹಚ್ಚಿದವರ ಕೈಗೆ ಸೇರುತ್ತದೆ. ಜೋಳಕ್ಕೆ ಗಿರಾಕಿ ಇದ್ದರೆ ಜೋಳ ಬಿತ್ತುವವರೂ ಇರುತ್ತಾರೆ.

ಒಂದು ದಿನದ ಲೆಕ್ಕ

ಒಂದೇ ದಿನ ಸಮಯವಿದ್ದವರು ಹೀಗೆ ಮಾಡಬಹುದು:

* ಬೆಳಿಗ್ಗೆ: ಸ್ನಾನ, ಮಂಚಾಲಮ್ಮನ ದರ್ಶನ, ರಾಯರ ದರ್ಶನ. ನಂತರ ಬಸ್ ನಿಲ್ದಾಣದ ಬಳಿ ಉಗ್ಗಾನಿ ಬಜ್ಜಿ, ಒಂದು ಟೀ. ಮಧ್ಯಾಹ್ನ ಮಠದಲ್ಲಿ ಉಣ್ಣುವುದಿದೆ, ಒಂದೇ ಪ್ಲೇಟಿಗೆ ನಿಲ್ಲಿಸಿ.

* ಬೆಳಿಗ್ಗೆಯ ಉಳಿದ ಹೊತ್ತು: ನದಿಯಾಚೆ ಕರ್ನಾಟಕದ ಗಾಣಧಾಳದಲ್ಲಿರುವ ಪಂಚಮುಖಿ ಆಂಜನೇಯನ ದರ್ಶನ. ಆಟೋ, ಜೀಪುಗಳು ಸಿಗುತ್ತವೆ.

* ಮಧ್ಯಾಹ್ನ: ಮಠದಲ್ಲಿ ಪ್ರಸಾದ, ಪರಿಮಳ ಪ್ರಸಾದದ ಪೊಟ್ಟಣ.

* ಸಂಜೆ: ಆದೋನಿ ಕಡೆಯಿಂದ ಹೊರಡುವವರು ಅಲ್ಲಿ ಪೊಂಗಣಾಲು ಅಥವಾ ಬಿರಿಯಾನಿ. ರಾಯಚೂರು ಕಡೆಯಿಂದ ಹೊರಡುವವರು ಖಾನಾವಳಿಯಲ್ಲಿ ರೊಟ್ಟಿ ಊಟ.

ಹಬ್ಬದ ದಿನಗಳಲ್ಲಿ ಇಲ್ಲಿಯ ಮನೆಗೆ ಕರೆ ಬಂದರೆ ಮಾತ್ರ ಈ ಪಟ್ಟಿಯನ್ನೆಲ್ಲ ಬದಿಗಿಡಿ. ಹೋಳಿಗೆ (ಇಲ್ಲಿ ಓಳಿಗ, ಭಕ್ಷಾಲು ಎಂದೂ ಹೇಳುತ್ತಾರೆ), ಅದರ ಜೊತೆಗಿನ ಕಟ್ಟಿನ ಸಾರು, ಮೇಲೆ ಸುರಿಯುವ ತುಪ್ಪ ಯಾವ ಹೋಟೆಲಿನಲ್ಲೂ ಆ ಹದಕ್ಕೆ ಸಿಗುವುದಿಲ್ಲ.

ಇಷ್ಟು ಗಮನದಲ್ಲಿರಲಿ

ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಾರ್ಚ್‌ನಿಂದ ಮೇ ತನಕ ಬರುವವರು ಕರಿದದ್ದನ್ನು ಬೆಳಿಗ್ಗೆಯೇ ತಿಂದು ಮುಗಿಸಿ, ಮಧ್ಯಾಹ್ನ ಮಜ್ಜಿಗೆ ಹೆಚ್ಚು ಕುಡಿಯಿರಿ. ಕುಡಿಯುವ ನೀರು ಜೊತೆಗಿರಲಿ. ಹೊಟ್ಟೆ ಸೂಕ್ಷ್ಮವಿದ್ದವರು ಬಂಡಿಯಲ್ಲಿ ಬಿಸಿ ಉಗ್ಗಾನಿ ತಿನ್ನಲು ಹಿಂಜರಿಯಬೇಕಿಲ್ಲ. ನೀರು ಬೆರೆಸಿಟ್ಟ ಚಟ್ನಿಯನ್ನು ಬಿಟ್ಟರೆ ಸಾಕು. ಏಕಾದಶಿ ವ್ರತ ಹಿಡಿದವರಿಗೆ ಉಗ್ಗಾನಿಯೂ ನಿಷಿದ್ಧವೇ. ಮಂಡಾಳು ಎಷ್ಟೇ ಹಗುರಾದರೂ ಅಕ್ಕಿಯೇ. ಬಂಡಿಗಳಲ್ಲಿ ಚಿಲ್ಲರೆ ಕೊಡಿ.

ತಿಂದ ಎಲೆ, ಪ್ಲಾಸ್ಟಿಕ್ ಲೋಟಗಳನ್ನು ನದಿಗೆ ಎಸೆಯಬೇಡಿ. ಆ ನೀರಿನಲ್ಲೇ ನಾಳೆ ಇನ್ನೊಬ್ಬರು ಸ್ನಾನ ಮಾಡುತ್ತಾರೆ.

ಮುಂದಿನ ಸಲ ನೆಂಟರು ‘ಮಂತ್ರಾಲಯದಲ್ಲಿ ತಿನ್ನಲು ಏನಿದೆ?’ ಎಂದು ಕೇಳಿದರೆ ಲಾಡ್ಜಿನ ಹೋಟೆಲಿನತ್ತ ಕೈತೋರಿಸಬೇಡಿ. ಅವರನ್ನು ಬೆಳಿಗ್ಗೆ ಏಳು ಗಂಟೆಗೆ ಎಬ್ಬಿಸಿ, ಬಂಡಿಯ ಮುಂದೆ ನಿಲ್ಲಿಸಿ, ಎರಡು ಪ್ಲೇಟು ಹೇಳಿ. ಬಜ್ಜಿ ಬಿಸಿಯಾಗಿರಲಿ.